ಪ್ರತಿಕ್ರಿಯೆ: ಟ್ರೇಡರ್ ಜೋಸ್‌ನಲ್ಲಿ ಪಾರ್ಟ್ ಟೈಮ್ ಕೆಲಸ

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೇನೆ, ಇಲ್ಲಿನ ದಿನಸಿ ಅಂಗಡಿ ಟ್ರೇಡರ್ ಜೋಸ್‌ನಲ್ಲಿ ಕೆಲಸ ಸಿಗೋ ಹಾಗಿದೆ, ದಿನವಿಡೀ ಬಿಲ್ ಕೌಂಟರ್‌ನಲ್ಲೇ ನಿಲ್ಲಬೇಕಾ, ಮನೆ ದಿನಸಿಯೂ ಅಲ್ಲೇ ಸಿಗುತ್ತಾ ಅಂತ ಕೇಳಿದ್ದೀರಿ.

ಧೈರ್ಯವಾಗಿ ಸೇರಿ ಮೇಡಂ. ಇಡೀ ಶಿಫ್ಟ್ ಬಿಲ್ ಹಾಕಿಸುವುದಿಲ್ಲ. ಸ್ವಲ್ಪ ಹೊತ್ತು ಬಿಲ್ಲಿಂಗ್, ಆಮೇಲೆ ಶೆಲ್ಫ್ ತುಂಬಿಸುವುದು, ಗಿರಾಕಿಗಳು ಹೊರಗೆ ಬಿಟ್ಟ ತಳ್ಳುಗಾಡಿಗಳನ್ನು ಒಳಗೆ ತರುವುದು, ಹೀಗೆ ಕೆಲಸ ಬದಲಾಗುತ್ತಾ ಇರುತ್ತೆ. ಮೈಕಿನಲ್ಲಿ ಕೂಗುವ ಬದಲು ಗಂಟೆ ಹೊಡೆಯುತ್ತಾರೆ. ಒಂದು ಸಲ ಹೊಡೆದರೆ ಇನ್ನೊಂದು ಕೌಂಟರ್ ತೆರೆಯಬೇಕು. ಎರಡು ಸಲ ಅಂದರೆ ಕೌಂಟರ್‌ನಲ್ಲಿರುವವರಿಗೆ ಏನೋ ಸಹಾಯ ಬೇಕು. ಮೂರು ಸಲ ಅಂದರೆ ಮ್ಯಾನೇಜರ್ ಬರಬೇಕು. ಬೇಗ ರೂಢಿಯಾಗುತ್ತೆ. ಭಾರ ಎತ್ತೋದು ಮಾತ್ರ ಜಾಸ್ತಿ. ಒಳ್ಳೆ ಶೂ ತಗೊಳ್ಳಿ, ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತಿ.

ತೊಗರಿಬೇಳೆ, ಸೋನಾ ಮಸೂರಿಗೆ ಇಂಡಿಯನ್ ಸ್ಟೋರೇ ಗತಿ. ಬಾಳೆಹಣ್ಣು, ಒಣದ್ರಾಕ್ಷಿ, ಗೋಡಂಬಿಗೆ ಟ್ರೇಡರ್ ಜೋಸ್‌ಗೇ ಹೋಗಿ. ಬಾಳೆಹಣ್ಣಿಗೆ ತೂಕದ ಲೆಕ್ಕ ಇಲ್ಲ, ಒಂದೊಂದಕ್ಕೆ ಬೆಲೆ. ಕೂಪನ್, ಮೆಂಬರ್ ಕಾರ್ಡ್ ಏನೂ ಇಲ್ಲ, ಎಲ್ಲರಿಗೂ ಒಂದೇ ರೇಟು. ಅದು ನನಗೆ ತುಂಬಾ ಇಷ್ಟ.

ಒಂದು ಮಾತು, ನೀವು ಎಚ್-4 ವೀಸಾದಲ್ಲಿದ್ದರೆ (ಅಂದರೆ ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾ) ಇಎಡಿ ಕಾರ್ಡ್, ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ ಕಾರ್ಡ್, ಕೈಗೆ ಬರುವ ತನಕ ಒಂದು ದಿನವೂ ಕೆಲಸಕ್ಕೆ ಹೋಗಬೇಡಿ. ಅದನ್ನು ಮೊದಲು ನೋಡಿಕೊಳ್ಳಿ.