ಸೈಬರ್‌ಪಂಕ್‌ಗೆ ಯಾವ ಕಾರ್ಡು: 8 ಜಿಬಿ ಬೇಡ, ಮೊದಲು ಇನ್ನೊಂದು ರ್ಯಾಮ್ ಸ್ಟಿಕ್ ಹಾಕಿ

ನಿಮ್ಮ ಪ್ರಶ್ನೆ ಇಷ್ಟು: ಐ5-10400ಎಫ್, ಬಿ460 ಬೋರ್ಡು, ಒಂದೇ ಸ್ಟಿಕ್ಕಿನಲ್ಲಿ 16 ಜಿಬಿ ರ್ಯಾಮ್, 450 ವ್ಯಾಟ್ ಪವರ್ ಸಪ್ಲೈ, ಈಗಿರುವ ಗ್ರಾಫಿಕ್ಸ್ ಕಾರ್ಡು ಜಿಟಿಎಕ್ಸ್ 1660 ಸೂಪರ್. ಹೊಸದಾಗಿ 1440ಪಿ, 144 ಹರ್ಟ್ಸ್ ಮಾನಿಟರ್ ಬಂದಿದೆ. ಸೈಬರ್‌ಪಂಕ್ 2077 ಗೇಮನ್ನು ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಬಿಂಬಗಳನ್ನು ನಿಜದಂತೆ ಲೆಕ್ಕ ಹಾಕುವ ವಿಧಾನ) ಹಾಕಿಕೊಂಡು ಆಡಬೇಕು. ಮನಸ್ಸಿನಲ್ಲಿರುವುದು ಆರ್‌ಟಿಎಕ್ಸ್ 5060 ಟಿಐ 8 ಜಿಬಿ, ಅದರದ್ದೇ 16 ಜಿಬಿ, ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ, ಇಲ್ಲವೇ ಬಳಸಿದ ಆರ್‌ಟಿಎಕ್ಸ್ 3080 10 ಜಿಬಿ.

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಈ ಪಿಸಿಗೆ 9060 ಎಕ್ಸ್‌ಟಿ 16 ಜಿಬಿ. ರೇ ಟ್ರೇಸಿಂಗೇ ಮುಖ್ಯ ಅಂತಿದ್ದರೆ 5060 ಟಿಐ 16 ಜಿಬಿ. ಉಳಿದ ಎರಡನ್ನು ಬಿಡಿ. ಆದರೆ ಕಾರ್ಡು ತರುವ ಮೊದಲು ಒಂದು ಪರೀಕ್ಷೆ ಮಾಡಿ, ಅರ್ಧ ಗಂಟೆ ಸಾಕು.

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), 1% ಲೋ (ಅತಿ ನಿಧಾನದ 1% ಫ್ರೇಮುಗಳ ಎಫ್‌ಪಿಎಸ್), ಜಿಪಿಯು (ಕಾರ್ಡಿನ ಚಿಪ್ಪು) ಬಳಕೆ ಮೂರೂ ಕಾಣಬೇಕು. ಗೇಮಿನಲ್ಲಿ ರೆಸಲ್ಯೂಷನ್ 1280×720 ಮಾಡಿ, ಗ್ರಾಫಿಕ್ಸ್ ಲೋ ಇಡಿ. ಕ್ರೌಡ್ ಡೆನ್ಸಿಟಿಯನ್ನು (ಬೀದಿಯಲ್ಲಿ ಎಷ್ಟು ಜನ ಅನ್ನುವುದು) ಮಾತ್ರ ಮುಂದೆ ಹೇಗೆ ಆಡುತ್ತೀರೋ ಹಾಗೇ ಬಿಡಿ. ಈಗ ಜಪಾನ್‌ಟೌನಿನ ಚೆರ್ರಿ ಬ್ಲಾಸಮ್ ಮಾರ್ಕೆಟ್ಟಿನ ಜನಸಂದಣಿಯಲ್ಲಿ ಎರಡು ನಿಮಿಷ ಓಡಾಡಿ. ಆ ಜಾಗ ಪ್ರೊಸೆಸರಿಗೆ ಬಹಳ ಭಾರ, ಅದಕ್ಕೇ ಅಲ್ಲಿ ನೋಡಬೇಕು. ಗೇಮಿನೊಳಗಿನ ಬೆಂಚ್‌ಮಾರ್ಕ್ ಒಂದು ಕಾರ್ಡನ್ನು ಇನ್ನೊಂದರ ಜೊತೆ ಹೋಲಿಸಲು ಒಳ್ಳೆಯದು, ಪ್ರೊಸೆಸರಿನ ಮಿತಿ ತಿಳಿಯಲು ಅಷ್ಟು ಸಾಲದು.

ಜಿಪಿಯು ಬಳಕೆ ಶೇಕಡಾ 90ಕ್ಕಿಂತ ಕೆಳಗಿಳಿದಿದ್ದರೆ ಅಲ್ಲಿ ಕಾಣುವ ಎಫ್‌ಪಿಎಸ್ಸೇ ನಿಮ್ಮ ಪ್ರೊಸೆಸರಿನ ಮಿತಿ. ಇನ್ನೂ 97-99ರಲ್ಲೇ ನಿಂತಿದ್ದರೆ ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ತಯಾರಿಸಿ ದೊಡ್ಡದು ಮಾಡುವ ಸೌಲಭ್ಯ) ಅನ್ನು ಪರ್ಫಾರ್ಮೆನ್ಸ್‌ಗೆ ಹಾಕಿ ಮತ್ತೆ ನೋಡಿ. ಉದಾಹರಣೆಗೆ ಅಲ್ಲಿ 65 ಬಂತು ಅಂದುಕೊಳ್ಳಿ. ಎಷ್ಟೇ ದೊಡ್ಡ ಕಾರ್ಡು ಹಾಕಿದರೂ ಆ ಬೀದಿಯಲ್ಲಿ 65 ದಾಟುವುದಿಲ್ಲ. ರೇ ಟ್ರೇಸಿಂಗ್ ಹಾಕಿದರೆ ಇನ್ನೂ ಇಳಿಯುತ್ತದೆ, ಯಾಕೆಂದರೆ ಬೆಳಕಿನ ಲೆಕ್ಕಕ್ಕೆ ಬೇಕಾದ ದೃಶ್ಯದ ರಚನೆಯನ್ನು ಅಣಿಗೊಳಿಸುವ ಕೆಲಸದ ಒಂದು ಪಾಲು ಪ್ರೊಸೆಸರಿನದೂ ಹೌದು.

ನಿಮ್ಮಲ್ಲಿ ಆ ಮಿತಿಯನ್ನು ಮೊದಲು ಹಿಡಿದಿಟ್ಟಿರುವುದು ಒಂಟಿ ರ್ಯಾಮ್ ಸ್ಟಿಕ್. ಬಿ460 ಬೋರ್ಡಿನಲ್ಲಿ 10400ಎಫ್ ಜೊತೆ ರ್ಯಾಮ್ ಓಡುವುದೇ 2666ರಲ್ಲಿ, ಸ್ಟಿಕ್ ಮೇಲೆ 3200 ಅಂತ ಬರೆದಿದ್ದರೂ ಅಷ್ಟೇ. ಆ ವೇಗದಲ್ಲಿ ಒಂದು ಸ್ಟಿಕ್ ಸೆಕೆಂಡಿಗೆ ಸುಮಾರು 21 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್‌ನಲ್ಲಿ (ರ್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿ) ಎರಡು ಸ್ಟಿಕ್ ಹಾಕಿದರೆ ಸುಮಾರು 42. ಜನಸಂದಣಿಯ ಬೀದಿಗಳಲ್ಲಿ 1% ಲೋ ಏರುವುದು ಇದರಿಂದಲೇ. ಆದ್ದರಿಂದ ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು 16 ಜಿಬಿ ಸ್ಟಿಕ್ ಹಾಕಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಹಾಕಿದ ಮೇಲೆ ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟದಲ್ಲಿ ಡ್ಯುಯಲ್ ಅಥವಾ 2 x 64-ಬಿಟ್ ಅಂತ ತೋರಿಸುತ್ತಿದೆಯೇ ಖಚಿತಪಡಿಸಿಕೊಂಡು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಗೇಮ್ ಎಸ್‌ಎಸ್‌ಡಿಯಲ್ಲೇ ಇರಬೇಕು, 2.0 ಆವೃತ್ತಿಯಿಂದ ಅದು ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಇದೆ.

ಇನ್ನು ಕಾರ್ಡಿನ ವಿಚಾರ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ. ಅಂದರೆ ಪ್ರತಿ ಫ್ರೇಮಿಗೂ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚೇ ಕೆಲಸ ಕೂಡಿತು. ಡಿಎಲ್‌ಎಸ್‌ಎಸ್ (ಎನ್‌ವಿಡಿಯಾ ಕಾರ್ಡುಗಳಲ್ಲಿರುವ ಅಂಥದೇ ಸೌಲಭ್ಯ) ಅಥವಾ ಎಫ್‌ಎಸ್‌ಆರ್ ಕ್ವಾಲಿಟಿಯಲ್ಲಿಟ್ಟರೆ ಒಳಗೆ ಚಿತ್ರ ತಯಾರಾಗುವುದು 1707×960ರಲ್ಲಿ, ಹಾಗಾಗಿ ಜಿಪಿಯು ಹೊರೆ ಎಷ್ಟೋ ಇಳಿಯುತ್ತದೆ. ಆದರೆ ವಿ-ರ್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ಬಳಕೆ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಟೆಕ್ಸ್‌ಚರ್‌ಗಳು ಹಾಗೇ ಇರುತ್ತವೆ, ರೇ ಟ್ರೇಸಿಂಗಿನ ಸರಂಜಾಮು ಬೇರೆ ಜಾಗ ಕೇಳುತ್ತದೆ, ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಹಾಕಿದರೆ ಅದಕ್ಕೂ ಜಾಗ ಬೇಕು. 8 ಜಿಬಿ ಸಾಲದಾಗುವುದು ಇಲ್ಲೇ.

ಸಾಲದಾದಾಗ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಿಮರ್ಶೆಗಳ ಸರಾಸರಿ ಎಫ್‌ಪಿಎಸ್ ಇದನ್ನು ಮುಚ್ಚಿಬಿಡುತ್ತದೆ. ಕಾರ್ಡಿನಲ್ಲಿ ಹಿಡಿಸದ್ದು ಪಿಸಿಯ ರ್ಯಾಮಿಗೆ ಹೋಗಿ ಕೂರುತ್ತದೆ, ಬೇಕಾದಾಗ ಪಿಸಿಐಇ (ಬೋರ್ಡು ಮತ್ತು ಕಾರ್ಡಿನ ನಡುವಿನ ಸಂಪರ್ಕ) ದಾರಿಯಲ್ಲಿ ಬರಬೇಕು. 5060 ಟಿಐನ ಸ್ವಂತ ಮೆಮೊರಿ ಸೆಕೆಂಡಿಗೆ 448 ಜಿಬಿ ಕೊಡುತ್ತದೆ. ಆದರೆ ಆ ಕಾರ್ಡಿಗೆ ಇರುವುದು ಆ ದಾರಿಯ ಎಂಟೇ ಲೇನು, ನಿಮ್ಮ ಬೋರ್ಡು ಪಿಸಿಐಇ 3.0. ಎರಡೂ ಸೇರಿದರೆ ದಾರಿಯ ಅಗಲ ಸೆಕೆಂಡಿಗೆ ಸುಮಾರು 8 ಜಿಬಿ ಮಾತ್ರ. ಮೊದಲ ಹತ್ತು ನಿಮಿಷ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಕಾರಿನಲ್ಲಿ ಬೀದಿ ತಿರುವಿದ ಕೂಡಲೇ ಒಂದು ಜಗ್ಗು. 60 ಎಫ್‌ಪಿಎಸ್ ಅಂದರೆ ಫ್ರೇಮಿಗೆ 16.7 ಮಿಲಿಸೆಕೆಂಡು. ನಡುವೆ ಒಂದೇ ಒಂದು ಫ್ರೇಮ್ 80 ಮಿಲಿಸೆಕೆಂಡು ತಿಂದರೆ ಸರಾಸರಿ ಅಲುಗಾಡುವುದಿಲ್ಲ, ಆದರೆ ಮೌಸ್ ಹಿಡಿದ ಕೈಗೆ ತಕ್ಷಣ ಗೊತ್ತಾಗುತ್ತದೆ. ಗೋಡೆಯ ಮೇಲಿನ ಜಾಹೀರಾತು ಒಂದೆರಡು ಕ್ಷಣ ಮಸುಕಾಗಿ ನಿಂತು ಆಮೇಲೆ ತಿಳಿಯಾಗುವುದೂ ಇದೇ ಕಾಯಿಲೆ.

9060 ಎಕ್ಸ್‌ಟಿಗೆ ಪೂರ್ತಿ ಹದಿನಾರು ಲೇನು ಇವೆ, ಪಿಸಿಐಇ 3.0ರಲ್ಲೂ ಸುಮಾರು 16 ಜಿಬಿ ದಾರಿ ಸಿಗುತ್ತದೆ. ಹಳೇ ಬೋರ್ಡಿಗೆ ನಾನು ಅದನ್ನು ಮುಂದಿಡಲು ಇದೊಂದು ಕಾರಣ. 16 ಜಿಬಿಯ 5060 ಟಿಐನಲ್ಲಿ ಮೆಮೊರಿ ತುಂಬುವುದೇ ಅಪರೂಪ, ಆದ್ದರಿಂದ ಎಂಟು ಲೇನಿನ ಕೊರತೆ ಅಷ್ಟಾಗಿ ಕಾಡದು. ಅದರಲ್ಲಿ ಸಿಗುವ ಡಿಎಲ್‌ಎಸ್‌ಎಸ್ ಈ ಗೇಮಿನಲ್ಲಿ ತುಂಬ ಚೆನ್ನಾಗಿದೆ, ರೇ ಟ್ರೇಸಿಂಗಿನಲ್ಲೂ 5060 ಟಿಐನ ಕೈ ಮೇಲು. ಎರಡೂ ಕಾರ್ಡುಗಳು 8 ಮತ್ತು 16 ಜಿಬಿಯಲ್ಲಿ ಒಂದೇ ಹೆಸರಿನಿಂದ ಬರುತ್ತವೆ, ಡಬ್ಬಿಯ ಮೇಲಿನ ಅಂಕಿಯನ್ನು ಓದಿಯೇ ತೆಗೆದುಕೊಳ್ಳಿ.

ಪಾತ್ ಟ್ರೇಸಿಂಗ್ (ರೇ ಟ್ರೇಸಿಂಗಿನ ಅತಿ ಭಾರದ ರೂಪ) ಆಸೆ ಇದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಗೇಮ್ ಮಾಡಿದವರೇ ಆ ಓವರ್‌ಡ್ರೈವ್ ಮೋಡಿಗೆ ಕೇಳಿರುವುದು ಆರ್‌ಟಿಎಕ್ಸ್ 4080. ಫ್ರೇಮ್ ಜನರೇಷನ್ ಹಾಕಿ 30ನ್ನು 60 ಮಾಡಿಕೊಂಡರೂ ಕೈಗೆ ಸಿಗುವ ಸ್ಪಂದನೆ 30ರದ್ದೇ. ಮೂಲದಲ್ಲಿ 50-60 ಬರುತ್ತಿದ್ದರೆ ಮಾತ್ರ ಅದನ್ನು ಹಾಕಿ.

3080 ಬರೀ ಬಲದಲ್ಲಿ ಇವತ್ತಿಗೂ ಸಣ್ಣ ಕಾರ್ಡಲ್ಲ. ಆದರೆ ಅದೊಂದೇ 320 ವ್ಯಾಟ್ ಎಳೆಯುತ್ತದೆ, ಎನ್‌ವಿಡಿಯಾ ಅದಕ್ಕೆ 750 ವ್ಯಾಟ್ ಸಪ್ಲೈ ಹೇಳಿದೆ. ನಿಮ್ಮ 450ರಲ್ಲಿ ಹಾಕಿದರೆ ಭಾರದ ದೃಶ್ಯದಲ್ಲಿ ಪಿಸಿ ತಟ್ಟನೆ ಆಫ್ ಆಗುವುದೇ ಹೆಚ್ಚು. ಹಳೆಯದಾದಂತೆ ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ (ಶಾಖ ಸಾಗಿಸುವ ಮೆತ್ತನೆಯ ಪಟ್ಟಿ) ಒಣಗುತ್ತದೆ. ಆದರೂ ಯಾರಾದರೂ ಒಳ್ಳೆಯ ಕಾರ್ಡು ಕೊಡುತ್ತೇನೆಂದರೆ ಇಪ್ಪತ್ತು ನಿಮಿಷ ಭಾರದಲ್ಲಿ ಓಡಿಸಿ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಮೆಮೊರಿ ಜಂಕ್ಷನ್ ಉಷ್ಣತೆ ನೋಡಿ. 110 ಡಿಗ್ರಿ ಹತ್ತಿರ ಹೋದರೆ ಬೇಡ ಅನ್ನಿ. ಜಿಪಿಯು-ಝಡ್ ತಂತ್ರಾಂಶ ಕಾರ್ಡಿನ ಹೆಸರಿನ ಮುಂದೆ ಫೇಕ್ ಅಂತ ತೋರಿಸಿದರೆ ಅದು ಬೇರೆ ಚಿಪ್ಪಿಗೆ ಸುಳ್ಳು ಬಯಾಸ್ (ಒಳಗಿನ ಮೂಲ ತಂತ್ರಾಂಶ) ಹಾಕಿದ ಕಾರ್ಡು.

ಪವರ್ ಸಪ್ಲೈನಲ್ಲಿ ಹೊರಗಿನ 450 ಅಂಕಿಗಿಂತ ಪಕ್ಕದ ಚೀಟಿಯಲ್ಲಿರುವ +12ವಿ ಸಾಲು ಮುಖ್ಯ. ಅಲ್ಲಿನ ಆಂಪಿಯರನ್ನು 12ರಿಂದ ಗುಣಿಸಿ. 35 ಆಂಪಿಯರ್ ಇದ್ದರೆ 420 ವ್ಯಾಟ್, ನೆಮ್ಮದಿ. 25 ಅಂತಿದ್ದರೆ ನಿಜವಾದ ಶಕ್ತಿ 300 ಮಾತ್ರ, ಬದಲಾಯಿಸಿ. 9060 ಎಕ್ಸ್‌ಟಿ 16 ಜಿಬಿಗೆ 160 ವ್ಯಾಟ್, ಎಎಮ್‌ಡಿ ಹೇಳುವ ಸಪ್ಲೈ 450. 5060 ಟಿಐಗೆ 180 ವ್ಯಾಟ್, ಎನ್‌ವಿಡಿಯಾ 600 ಹೇಳುತ್ತದೆ. ಎಂಟು ಪಿನ್ನಿನ ವೈರು ಸಪ್ಲೈಯಿಂದಲೇ ನೇರ ಬರಬೇಕು. ಸಾಟಾ ಪವರ್‌ನಿಂದ ಎಂಟು ಪಿನ್ ಮಾಡುವ ಅಡಾಪ್ಟರ್ ಯಾವ ಕಾರಣಕ್ಕೂ ಬೇಡ: ಸಾಟಾ ಕನೆಕ್ಟರಿನ 12ವಿ ತಾಳುವುದು 54 ವ್ಯಾಟ್, ಎಂಟು ಪಿನ್ 150ರವರೆಗೆ ಎಳೆಯಬಲ್ಲದು. ಪ್ಲಾಸ್ಟಿಕ್ ಕರಗುತ್ತದೆ.

ಕೇಸಿನೊಳಗೆ ಹಿಂಬದಿಯ ಸ್ಲಾಟ್ ಪಟ್ಟಿಯಿಂದ ಮುಂದಿನ ಫ್ಯಾನಿನವರೆಗೆ ಅಳೆಯಿರಿ, ಕಾರ್ಡಿನ ಉದ್ದ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆ ಇರಲಿ.

ಹಾಕುವ ದಿನ ಇಂಟರ್ನೆಟ್ ತೆಗೆದು, ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸುವ ತಂತ್ರಾಂಶ) ಓಡಿಸಿ ಹಳೇ ಡ್ರೈವರ್ ಅಳಿಸಿ. ಇಂಟರ್ನೆಟ್ ಇದ್ದರೆ ವಿಂಡೋಸ್ ತಾನೇ ಯಾವುದೋ ಡ್ರೈವರ್ ತಂದು ಹಾಕಿಬಿಡುತ್ತದೆ. ಮಾನಿಟರ್ ವೈರು ಕಾರ್ಡಿಗೇ ಹೋಗಲಿ. 10400ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲದ್ದರಿಂದ ಬೋರ್ಡಿಗೆ ಸಿಕ್ಕಿಸಿದರೆ ಪರದೆ ಕಪ್ಪಗೇ ಇರುತ್ತದೆ. ಬೋರ್ಡಿನ ಬಯಾಸ್ ಹೊಸದು ಮಾಡಿ ಅಬವ್ 4ಜಿ ಡಿಕೋಡಿಂಗ್ ಮತ್ತು ರಿಸೈಜಬಲ್ ಬಾರ್ ಆನ್ ಮಾಡಿ, ಆಗ ಪ್ರೊಸೆಸರಿಗೆ ಕಾರ್ಡಿನ ಪೂರ್ತಿ ಮೆಮೊರಿ ಒಮ್ಮೆಗೇ ಸಿಗುತ್ತದೆ. ಅದಕ್ಕೆ ಸಿಎಸ್‌ಎಮ್ (ಹಳೇ ರೀತಿಯಲ್ಲಿ ಪಿಸಿ ಏಳಿಸುವ ವ್ಯವಸ್ಥೆ) ಆಫ್ ಆಗಬೇಕು, ಇಲ್ಲಿ ಹಲವರು ಎಡವುತ್ತಾರೆ. ಮೊದಲು ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ಮೋಡ್ ಏನಿದೆ ನೋಡಿ. ಲೆಗಸಿ ಅಂತಿದ್ದರೆ ಸಿಎಸ್‌ಎಮ್ ತೆಗೆದ ಕೂಡಲೇ ವಿಂಡೋಸ್ ಏಳುವುದಿಲ್ಲ. ಫೈಲುಗಳ ನಕಲು ಬೇರೆಡೆ ಇಟ್ಟು, ಡಿಸ್ಕನ್ನು ಎಂಬಿಆರ್ ಎಂಬ ಹಳೇ ವಿಭಾಗ ಪದ್ಧತಿಯಿಂದ ಜಿಪಿಟಿ ಎಂಬ ಹೊಸದಕ್ಕೆ ಬದಲಾಯಿಸಿಯೇ ಮುಂದೆ ಹೋಗಬೇಕು.

ಸೆಟ್ಟಿಂಗ್ಸ್ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ಟೆಕ್ಸ್‌ಚರ್ ಹೈ, ಅದನ್ನು ಮುಖ್ಯ ಮೆನುವಿನಿಂದ ಮಾತ್ರ ಬದಲಾಯಿಸಬಹುದು. ವಾಲ್ಯುಮೆಟ್ರಿಕ್ ಫಾಗ್ ಮೀಡಿಯಂ. ರೇ ಟ್ರೇಸಿಂಗ್ ಇಲ್ಲದೆ ಆಡುವಾಗ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಅನ್ನು ಸೈಕೋ ಎಂಬ ಅತಿ ಮೇಲಿನ ಮಟ್ಟಕ್ಕೆ ಒಯ್ಯಬೇಡಿ, ಕೊಡುವ ಅಂದಕ್ಕಿಂತ ತಿನ್ನುವುದೇ ಹೆಚ್ಚು. ರೇ ಟ್ರೇಸಿಂಗಿನಲ್ಲಿ ಮೊದಲು ರಿಫ್ಲೆಕ್ಷನ್ ಒಂದನ್ನೇ ಹಾಕಿ, ಮಳೆ ಬಂದ ರಾತ್ರಿ ರಸ್ತೆಯಲ್ಲಿ ಅದರ ಬೆಲೆ ಕಾಣುತ್ತದೆ. 1% ಲೋ 45ರ ಮೇಲೆ ನಿಂತರೆ ಲೈಟಿಂಗ್ ಮೀಡಿಯಂ ಸೇರಿಸಿ. ವಿಂಡೋಸ್‌ನಲ್ಲಿ ಮಾನಿಟರ್ 144ಕ್ಕೆ ಹೊಂದಿಸಿದ್ದೀರಾ ನೋಡಿ, ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ.

720ಪಿ ಪರೀಕ್ಷೆಯಲ್ಲಿ ಬಂದ ಅಂಕಿ, ಸಪ್ಲೈ ಚೀಟಿಯ ಫೋಟೋ, ಕೇಸಿನ ಅಳತೆ, ಈ ಮೂರನ್ನೂ ಇಲ್ಲೇ ಹಾಕಿ. ಸಪ್ಲೈ ಬದಲಾಯಿಸಬೇಕೋ ಬೇಡವೋ ನೋಡಿ ಹೇಳುತ್ತೇನೆ.