ತುಟಿಯ ಗಂಟು ತಾನಾಗಿ ಕರಗುತ್ತದೆಯೇ?

ತುಟಿ ತುಂಬಿಕೊಂಡು ಕಾಣಲೆಂದು ಚುಚ್ಚುವ ಫಿಲ್ಲರ್ ಹಾಕಿಸಿ ಎಂಟು ತಿಂಗಳಾದರೂ ಮೇಲ್ತುಟಿಯ ಗಂಟು ಹೋಗಿಲ್ಲ, ಇನ್ನೂ ಕಾಯಬೇಕೇ ಎಂದು ರಾಯಚೂರಿನಿಂದ ಕೇಳಿದ್ದೀರಿ. ಸುಮ್ಮನೆ ಕಾಯಬೇಡಿ ಅಕ್ಕ. ಬಳ್ಳಾರಿಯಲ್ಲಿ ಮದುವೆಗೆ ಮುಂಚೆ ನಾನೂ ಹಾಕಿಸಿಕೊಂಡಿದ್ದೆ. ಆರು ತಿಂಗಳಲ್ಲಿ ಕರಗುತ್ತದೆ ಎಂದಿದ್ದರು. ಎರಡು ವರ್ಷವಾದರೂ ನಾಲಗೆ ಆಡಿಸಿದರೆ ಜೋಳದ ಕಾಳಿನಷ್ಟು ಗಂಟು ತಗಲುತ್ತಿತ್ತು. ಲೋಟದಲ್ಲಿ ಚಹಾ ಕುಡಿದರೆ ಒಂದು ಬದಿಯಿಂದ ಸೋರುತ್ತಿತ್ತು. ಅತ್ತೆ ಏನೂ ಅನ್ನಲಿಲ್ಲ, ಸದ್ದಿಲ್ಲದೆ ಲೋಟದ ಬದಲು ಕಪ್-ಬಸಿ ಕೊಡಲು ಶುರುಮಾಡಿದರು. ಬೈದಿದ್ದರೇ ವಾಸಿಯಿತ್ತು.

ಹಾಕಿದ ಮದ್ದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಪೊಟ್ಟಣದ ಸ್ಟಿಕ್ಕರ್ ಕೇಳಿ ಪಡೆಯಿರಿ. ನಾನು ಕೇಳಿರಲಿಲ್ಲ, ಆಮೇಲೆ ಅಲೆದೆ. ಹಯಲುರಾನಿಕ್ ಆಮ್ಲದ ಜೆಲ್ ಆಗಿದ್ದರೆ ಹಯಲುರಾನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದಿನಿಂದ ಕರಗಿಸಬಹುದು. ನನಗೆ ಎರಡು ಸಲ ಬೇಕಾಯಿತು. ಸಿಲಿಕೋನ್ ಆಗಿದ್ದರೆ ಅದರಿಂದ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯ ಮಾತು ಬರಬಹುದು.

ಜೇನುನೊಣ ಕಚ್ಚಿ ಎಂದಾದರೂ ಮೈಯೆಲ್ಲ ದದ್ದು ಎದ್ದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಜೇನುನೊಣದ ವಿಷದಲ್ಲೂ ಹಯಲುರಾನಿಡೇಸ್ ಬಗೆಯ ಕಿಣ್ವವಿದೆ, ಹಾಗಾಗಿ ಈ ಚುಚ್ಚುಮದ್ದೂ ಒಗ್ಗದಿರಬಹುದು. ಹೋಗುವುದು ಚರ್ಮರೋಗ ತಜ್ಞರ ಬಳಿಗೆ, ಬ್ಯೂಟಿ ಪಾರ್ಲರಿಗಲ್ಲ. ಗಂಟು ಕಾಣದಿರಲೆಂದು ಸುತ್ತ ಇನ್ನಷ್ಟು ಫಿಲ್ಲರ್ ತುಂಬೋಣ ಎಂದರೆ ಅಲ್ಲಿಂದ ಎದ್ದು ಬನ್ನಿ.