ಕಣ್ಣನ್ನು ಬಿಟ್ಟು ಕೂದಲಂಚನ್ನೇ ನೋಡುವ ಮಗುವಿನ ಬಗ್ಗೆ
ಐದು ವಾರದ ನಿಮ್ಮ ಮಗಳು ನಿಮ್ಮ ಕಣ್ಣನ್ನು ನೋಡದೆ ಹಣೆಯ ಮೇಲಿನ ಕೂದಲಂಚನ್ನೇ ದಿಟ್ಟಿಸುತ್ತಾಳೆ, ನಿಮ್ಮ ನಗು ಅವಳಿಗೆ ತಿಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ಈ ವಯಸ್ಸಿನಲ್ಲಿ ಇದು ಸಹಜವಾದದ್ದು, ದಯವಿಟ್ಟು ಗಾಬರಿಯಾಗಬೇಡಿ. ಮೊದಲ ವಾರಗಳಲ್ಲಿ ಮಗುವಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ತಕ್ಕಮಟ್ಟಿಗೆ ಕಾಣುತ್ತದೆ. ಸೂಕ್ಷ್ಮ ವಿವರಗಳು ಮಸುಕಾಗಿರುವುದರಿಂದ, ಕಪ್ಪು ಕೂದಲು ಹಣೆಯನ್ನು ಸೇರುವ ಗೆರೆಯಂತಹ ಎದ್ದು ಕಾಣುವ ಅಂಚುಗಳೇ ಅದರ ನೋಟವನ್ನು ಸೆಳೆಯುತ್ತವೆ. ಎರಡು ತಿಂಗಳ ಹೊತ್ತಿಗೆ ಆ ನೋಟ ಮುಖದ ಒಳಭಾಗಕ್ಕೆ, ಮುಖ್ಯವಾಗಿ ಕಣ್ಣುಗಳಿಗೆ, ಸರಿಯುತ್ತದೆ. ನಿಮ್ಮ ನಗುವಿಗೆ ಮರುನಗುವೂ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮುಖಭಾವದ ಅರ್ಥವನ್ನು ತಿಳಿದು ಅದರಂತೆ ನಡೆಯುವುದು ಇನ್ನೂ ತಡವಾಗಿ ಬರುತ್ತದೆ. ಗಟ್ಟಿ ಗಾಜಿನ ಕೆಳಗೆ ತಗ್ಗು ಇರುವಂತೆ ಕಾಣುವ ಮೇಜಿನ ಮೇಲೆ ಒಂದು ವರ್ಷದ ಮಕ್ಕಳನ್ನು ಬಿಟ್ಟು ನಡೆಸಿದ, 1985ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಎದುರಿದ್ದ ತಾಯಿ ಸಂತೋಷದ ಮುಖ ತೋರಿದಾಗ 19 ಮಕ್ಕಳಲ್ಲಿ 14 ಮಕ್ಕಳು ಆಚೆ ದಾಟಿದವು. ತಾಯಿ ಭಯದ ಮುಖ ತೋರಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಅಮ್ಮನ ಮುಖವನ್ನು ಮಕ್ಕಳು ಎಷ್ಟು ನಂಬುತ್ತವೆ ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಸದ್ಯಕ್ಕೆ ಹಾಲೂಡಿಸುವಾಗ ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ಹತ್ತಿರದಿಂದ ನಿಧಾನವಾಗಿ ಮಾತನಾಡಿಸಿ. ಮೂರು ತಿಂಗಳು ತುಂಬಿದರೂ ಅವಳು ಮುಖವನ್ನು ನೋಡದಿದ್ದರೆ, ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ; ಕಣ್ಣಿನ ಪಾಪೆ ಬೆಳ್ಳಗೆ ಕಂಡರಂತೂ ಒಂದು ದಿನವೂ ಕಾಯಬೇಡಿ.